ಅಡುಗೆ ಸೋಡಾ: ವಿನೆಗರ್‌ಗಿಂತ ಮಜ್ಜಿಗೆಗೇ ನೊರೆ ಜಾಸ್ತಿ ಯಾಕೆ?

ಹುಲೇಕಲ್ ರಸ್ತೆ (ಶಿರಸಿ)

ಏಳನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ಇದೆ. ಮಕ್ಕಳು ಮನೆಯಿಂದಲೇ ತರಬಹುದಾದ ದ್ರವಗಳನ್ನು ಇಟ್ಟುಕೊಂಡು ಅಡುಗೆ ಸೋಡಾದ ಪ್ರಯೋಗ ಮಾಡಿಸಬೇಕು ಅಂತಿದ್ದೇನೆ. ಯಾವುದರಲ್ಲಿ ಹುಳಿ ಹೆಚ್ಚು, ಯಾವುದರಲ್ಲಿ ಕಡಿಮೆ ಅಂತ ನೊರೆ ನೋಡಿ ಸಾಲು ಹಚ್ಚುವುದು ಉದ್ದೇಶ. ಒಂದೇ ಅಳತೆಯ ಗಾಜಿನ ಲೋಟಗಳಲ್ಲಿ 50 ಮಿ.ಲೀ. ದ್ರವ ಹಾಕಿ, ಪ್ರತಿಯೊಂದಕ್ಕೂ ತಲೆ ಸವರಿದ ಒಂದು ಟೀ ಚಮಚ ಸೋಡಾ ಹಾಕಿದಾಗ ಕಂಡದ್ದು:

ವಿನೆಗರ್ ಭುಸ್ಸೆಂದು ಎದ್ದಿತು, ಹತ್ತು ಎಣಿಸುವಷ್ಟರಲ್ಲಿ ನೊರೆ ಇಳಿದೂ ಹೋಯಿತು. ಲಿಂಬು ರಸವೂ ಹಾಗೇ, ಸ್ವಲ್ಪ ಹೆಚ್ಚು ಹೊತ್ತು. ಎರಡು ದಿನದ ಹುಳಿ ಮಜ್ಜಿಗೆ ಮಾತ್ರ ನಿಧಾನಕ್ಕೆ ಉಬ್ಬಿ ಲೋಟದ ಕಂಠದವರೆಗೆ ಬಂತು, ಕಾಲು ಗಂಟೆಯಾದರೂ ನೊರೆ ಇಳಿಯಲಿಲ್ಲ. ಹಾಗಾದರೆ ಮಜ್ಜಿಗೆಯೇ ವಿನೆಗರ್‌ಗಿಂತ ಹುಳಿಯಾ?

ಇನ್ನು ಮೂರು ಸಂಗತಿ. ಮುರುಗಲು ನೀರು ಕೆಂಪು ಇದ್ದದ್ದು ನೇರಳೆಯಾಗಿ ಆಮೇಲೆ ಹಸಿರು ಬೂದಿಯ ಬಣ್ಣಕ್ಕೆ ತಿರುಗಿತು. ಅಡಿಕೆ ಬೇಯಿಸಿದ ಚೊಗರು ಒಂದು ಗುಳ್ಳೆಯನ್ನೂ ಬಿಡಲಿಲ್ಲ, ಬಣ್ಣ ಮಾತ್ರ ಕಪ್ಪಗಾಯಿತು. ಹುಳಿಯೇ ಇಲ್ಲದ ಬಿಸಿ ನೀರಿನಲ್ಲಿ ಗುಳ್ಳೆ ಎದ್ದವು. ಮಕ್ಕಳು ಕೇಳದೇ ಬಿಡುವುದಿಲ್ಲ. ಸರಿಯಾದ ಉತ್ತರ ಗೊತ್ತಿದ್ದವರು ಹೇಳಿ.

ಕಾಳಿ ದಂಡೆ (ಕಾರವಾರ)

ಅಕ್ಕೋರೇ, ನೊರೆಯ ಎತ್ತರ ನೋಡಿ ಸಾಲು ಹಚ್ಚಬೇಡಿ. ಪ್ರಯೋಗ ಅಲ್ಲೇ ದಾರಿ ತಪ್ಪುತ್ತದೆ. ನೊರೆ ಬೇರೆ, ಅನಿಲ ಬೇರೆ.

ಸೋಡಾ ಹುಳಿಗೆ ಸೇರಿದಾಗ ಹೊರಬರುವುದು ಕಾರ್ಬನ್ ಡೈಆಕ್ಸೈಡ್. ವಿನೆಗರ್ ನೀರಿನಷ್ಟೇ ತೆಳು, ಗುಳ್ಳೆಯ ಗೋಡೆಯನ್ನು ಹಿಡಿದಿಡುವಂಥದ್ದು ಅದರಲ್ಲಿ ಏನೂ ಇಲ್ಲ. ಗುಳ್ಳೆ ಮೇಲೆ ಬಂದ ಕೂಡಲೇ ಒಡೆಯುತ್ತದೆ. ಮಜ್ಜಿಗೆಯಲ್ಲಿ ಹಾಲಿನ ಪ್ರೋಟೀನು ಇದೆ. ಅದು ಪ್ರತಿ ಗುಳ್ಳೆಯ ಸುತ್ತ ತೆಳ್ಳನೆಯ ಪೊರೆ ಕಟ್ಟುತ್ತದೆ. ಹಾಗಾಗಿ ಹುಟ್ಟಿದ ಸ್ವಲ್ಪ ಅನಿಲವೇ ಸಿಕ್ಕಿಹಾಕಿಕೊಂಡು ಲೋಟ ತುಂಬಿದಂತೆ ಕಾಣುತ್ತದೆ. ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ: ಇನ್ನೊಂದು ಲೋಟದಲ್ಲಿ ಅದೇ 50 ಮಿ.ಲೀ. ವಿನೆಗರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಆಮೇಲೆ ಸೋಡಾ ಹಾಕಿ. ಹುಳಿ ಅಷ್ಟೇ, ಅನಿಲವೂ ಅಷ್ಟೇ, ಆದರೆ ನೊರೆ ಲೋಟ ದಾಟಿ ಮೇಜಿನ ಮೇಲೆ ಹರಿಯುತ್ತದೆ. ಅಡಿಗೊಂದು ತಟ್ಟೆ ಇಟ್ಟುಕೊಳ್ಳಿ.

ಈಗ ಲೆಕ್ಕ. ತಲೆ ಸವರಿದ ಟೀ ಚಮಚದಲ್ಲಿ ಹತ್ತಿರ ಹತ್ತಿರ 5 ಗ್ರಾಂ ಸೋಡಾ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್‌ನ ಲೇಬಲ್ ಮೇಲೆ ಸಾಮಾನ್ಯವಾಗಿ ಶೇಕಡಾ 4 ಅಸಿಟಿಕ್ ಆಮ್ಲ ಅಂತ ಇರುತ್ತದೆ. ಅಂದರೆ 50 ಮಿ.ಲೀ.ಯಲ್ಲಿ 2 ಗ್ರಾಂ ಆಮ್ಲ. ಅದು ತಿನ್ನುವುದು 2.8 ಗ್ರಾಂ ಸೋಡಾವನ್ನು, ಕೊಡುವ ಅನಿಲ ನಮ್ಮ ಕಡೆಯ 30 ಡಿಗ್ರಿ ಸೆಕೆಯಲ್ಲಿ ಸುಮಾರು 830 ಮಿ.ಲೀ. ಲಿಂಬು ರಸದಲ್ಲಿ ಸಿಟ್ರಿಕ್ ಆಮ್ಲ ಶೇಕಡಾ 6ರ ಆಸುಪಾಸು. ಅದರ ಒಂದೊಂದು ಅಣುವೂ ಮೂರು ಸೋಡಾ ಅಣುಗಳ ಜೊತೆ ವರ್ತಿಸುವುದರಿಂದ 50 ಮಿ.ಲೀ. ರಸಕ್ಕೆ ಸುಮಾರು 3.9 ಗ್ರಾಂ ಸೋಡಾ ಬೇಕು, ಅನಿಲ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ನೀರು ಬೆರೆಸದ ಹುಳಿ ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಶೇಕಡಾ 0.8 ಅಂತಿಟ್ಟುಕೊಳ್ಳಿ: 0.4 ಗ್ರಾಂ ಸೋಡಾಕ್ಕೂ ಸಾಲದು, ಅನಿಲ ಬರೀ 110 ಮಿ.ಲೀ. ವಿನೆಗರ್ ಕೊಟ್ಟದ್ದರ ಏಳನೇ ಒಂದು ಪಾಲು ಅಷ್ಟೇ. ನೀವು ಹಾಕಿದ ಚಮಚ ಸೋಡಾದಲ್ಲಿ ಮುಕ್ಕಾಲಿಗಿಂತ ಹೆಚ್ಚು ಮಜ್ಜಿಗೆಯಲ್ಲಿ ಕೆಲಸವಿಲ್ಲದೇ ಉಳಿದಿದೆ.

ಹಾಗಾಗಿ ಅಳೆಯುವ ಕ್ರಮ ಬದಲಾಯಿಸಿ. ತಕ್ಕಡಿ ಇಲ್ಲದಿದ್ದರೂ ಆಗುತ್ತದೆ. ಒಂದು ಟೀ ಚಮಚ ಸೋಡಾವನ್ನು ಕಾಗದದ ಮೇಲೆ ಸುರಿದು, ಗಟ್ಟಿ ರಟ್ಟಿನ ಅಂಚಿನಿಂದ ಉದ್ದಕ್ಕೆ ಎಳೆದು ಒಂದೇ ಅಗಲದ ಪಟ್ಟಿ ಮಾಡಿ. ಅದನ್ನು ನಡುವೆ ಕತ್ತರಿಸಿ, ಒಂದೊಂದು ಅರ್ಧವನ್ನು ಐದು ಪಾಲು ಮಾಡಿ. ಹತ್ತು ಪೊಟ್ಟಣವಾಯಿತು, ಒಂದೊಂದರಲ್ಲೂ ಅರ್ಧ ಗ್ರಾಂ. ಪ್ರತಿ ಗುಂಪಿಗೆ 50 ಮಿ.ಲೀ. ದ್ರವ ಕೊಟ್ಟು ಒಂದೊಂದೇ ಪೊಟ್ಟಣ ಹಾಕಿಸಿ, ಕಲಕಿಸಿ, ಗುಳ್ಳೆ ಪೂರ್ತಿ ನಿಂತ ಮೇಲೆ ಮುಂದಿನದು. ಹೊಸ ಪೊಟ್ಟಣಕ್ಕೆ ಗುಳ್ಳೆಯೇ ಏಳದಿದ್ದರೆ ಹುಳಿ ಮುಗಿಯಿತು ಅಂತ ಲೆಕ್ಕ. ವಿನೆಗರ್ ಐದಾರು ಪೊಟ್ಟಣ ತಿನ್ನುತ್ತದೆ, ಲಿಂಬು ಸುಮಾರು ಎಂಟು, ಮಜ್ಜಿಗೆ ಒಂದನ್ನೂ ಪೂರ್ತಿ ಮುಗಿಸುವುದಿಲ್ಲ. ಲಿಂಬು ರಸದಲ್ಲಿ ಕೊನೆಯ ಎರಡು ಮೂರು ಪೊಟ್ಟಣ ಬಹಳ ನಿಧಾನ, ಅವಸರ ಮಾಡಿದರೆ ಆರಕ್ಕೇ ಮುಗಿಯಿತು ಅನ್ನಿಸುತ್ತದೆ. ಸಿಟ್ರಿಕ್ ಆಮ್ಲದ ಮೂರನೇ ಪಾಲು ದುರ್ಬಲ. ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿದರೆ ಉಳಿದ ಅನಿಲ ಬೇಗ ಬಿಡುತ್ತದೆ.

ಅನಿಲವನ್ನೇ ಕಣ್ಣಿಗೆ ತೋರಿಸಬೇಕು ಅಂದರೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ 50 ಮಿ.ಲೀ. ದ್ರವ, ಬಲೂನಿನೊಳಗೆ ಒಂದು ಚಮಚ ಸೋಡಾ, ಬಲೂನಿನ ಬಾಯಿ ಬಾಟಲಿಗೆ. ಆಮೇಲೆ ಬಲೂನ್ ಎತ್ತಿ ಸೋಡಾ ಕೆಳಗೆ ಬೀಳಿಸಿ. ಬಲೂನನ್ನು ಮೊದಲು ಒಮ್ಮೆ ಬಾಯಲ್ಲಿ ಊದಿ ಸಡಿಲ ಮಾಡಿರಬೇಕು, ಇಲ್ಲದಿದ್ದರೆ ರಬ್ಬರಿನ ಬಿಗುವಿಗೇ ಅರ್ಧ ಆಟ ಮುಗಿಯುತ್ತದೆ. ವಿನೆಗರ್ ಬಾಟಲಿಯ ಬಲೂನ್ ತೆಂಗಿನಕಾಯಿಯಷ್ಟು ಆಗುತ್ತದೆ. ಮಜ್ಜಿಗೆಯದು ತಲೆ ಎತ್ತಿ ನಿಲ್ಲುತ್ತದೆ, ಅಷ್ಟೇ. ಲೋಟದಲ್ಲಿ ನೊರೆ ಕಂಡಿದ್ದ ಮಕ್ಕಳು ಇದನ್ನು ನೋಡಿದ ಮೇಲೆ ಮತ್ತೆ ಮರೆಯುವುದಿಲ್ಲ. ಅದೇ ಹೊತ್ತಿಗೆ ವಿನೆಗರ್ ಬಾಟಲಿಯ ತಳ ಮುಟ್ಟಿಸಿ, ತಣ್ಣಗಾಗಿರುತ್ತದೆ. ಈ ಕ್ರಿಯೆ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ.

ಬಿಸಿ ನೀರಿನ ವಿಷಯ: ಸೋಡಾ ಬರೀ ಶಾಖಕ್ಕೂ ಒಡೆಯುತ್ತದೆ. 50 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ, ಕುದಿಯುವಾಗ ಜೋರಾಗಿ. ಅನಿಲ ಹೋಗಿ ನೀರಿನಲ್ಲಿ ಉಳಿಯುವುದು ವಾಷಿಂಗ್ ಸೋಡಾ. ಆದರೆ ಹುಳಿ ಇದ್ದಾಗ ಬರುವುದರ ಅರ್ಧದಷ್ಟೇ ಅನಿಲ ಹೀಗೆ ಬರುತ್ತದೆ, ಎರಡು ಅಣು ಸೋಡಾಕ್ಕೆ ಒಂದು ಅಣು ಅನಿಲ. ಎಳನೀರು ತಾಜಾ ಇದ್ದರೆ ನಾಲ್ಕು ಗುಳ್ಳೆ ಬಿಡುತ್ತದೆ, ಮಧ್ಯಾಹ್ನದವರೆಗೆ ಹೊರಗಿಟ್ಟು ಹುಳಿಯಾದ ಎಳನೀರು ಚೆನ್ನಾಗಿಯೇ ಉಕ್ಕುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ತೋಟದ ಹಾದಿ (ಸಿದ್ದಾಪುರ)

ಬಣ್ಣದ ಪ್ರಶ್ನೆಗೆ ನಾನು ಹೇಳುತ್ತೇನೆ. ಮುರುಗಲಿನ ಕೆಂಪು ಬಣ್ಣ ಆಂಥೋಸಯಾನಿನ್ ಜಾತಿಯದು, ದಾಸವಾಳದಲ್ಲಿ ಇರುವುದೂ ಅದೇ ಬಳಗ. ಹುಳಿಯಲ್ಲಿ ಕೆಂಪು, ಹುಳಿ ಸಾಯುತ್ತ ಬಂದ ಹಾಗೆ ನೇರಳೆ, ಸೋಡಾ ಮೇಲಾದರೆ ನೀಲಿ-ಹಸಿರು. ಪೊಟ್ಟಣದ ಲೆಕ್ಕದಲ್ಲಿ ಮಾಡಿದರೆ ಇದು ಬಹಳ ಚಂದ: ಗುಳ್ಳೆ ನಿಲ್ಲುವುದೂ ಬಣ್ಣ ತಿರುಗುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತದೆ, ಹುಳಿ ಮುಗಿದದ್ದು ಎರಡು ಕಡೆಯಿಂದ ಗೊತ್ತಾಗುತ್ತದೆ. ಬಣ್ಣ ತಿರುಗಿದ ಕೂಡಲೇ ಲಿಂಬು ಹಿಂಡಿದರೆ ಕೆಂಪು ಮರಳಿ ಬರುತ್ತದೆ. ಅರ್ಧ ಗಂಟೆ ಬಿಟ್ಟರೆ ಬಣ್ಣವೇ ಕೊಳೆತು ಕಂದಾಗುತ್ತದೆ, ಆಮೇಲೆ ಎಷ್ಟು ಲಿಂಬು ಹಿಂಡಿದರೂ ಪೂರ್ತಿ ಬರುವುದಿಲ್ಲ.

ಒಣ ಸಿಪ್ಪೆ ನಾಲ್ಕೈದನ್ನು ಒಂದು ಲೋಟ ನೀರಲ್ಲಿ ಎರಡು ತಾಸು ನೆನೆಸಿ, ಸೋಸಿ ಉಪಯೋಗಿಸಿ. ಪೇಟೆಯ ಸಿರಪ್ ಬೇಡ. ಕೃತಕ ಬಣ್ಣ ಹಾಕಿದ್ದರೆ ಸೋಡಾ ಎಷ್ಟು ಸುರಿದರೂ ಕೆಂಪು ಕೆಂಪಾಗಿಯೇ ಇರಬಹುದು. ಉಪ್ಪಾಗೆಯ ಒಣ ಸಿಪ್ಪೆ ಸಿಕ್ಕರೆ ಅದನ್ನೂ ಇಡಿ. ಹುಳಿ ಜೋರು, ಆದರೆ ಮುರುಗಲಿನ ಹಾಗೆ ಬಣ್ಣದ ಆಟವಿಲ್ಲ. ಒಂದೇ ಬಳಗದ ಎರಡು ಮರ, ಒಂದರಲ್ಲಿ ಬಣ್ಣ ಹೇಳುತ್ತದೆ, ಇನ್ನೊಂದರಲ್ಲಿ ಗುಳ್ಳೆ ಮಾತ್ರ.

ಚೊಗರಿನ ಕತೆ ಬೇರೆ. ಅದರಲ್ಲಿರುವುದು ಟ್ಯಾನಿನ್. ಬಾಯಿ ಒಗರು ಮಾಡುತ್ತದೆ, ಹುಳಿ ಮಾಡುವುದಿಲ್ಲ. ಸೋಡಾದಿಂದ ಗುಳ್ಳೆ ಎಬ್ಬಿಸುವಷ್ಟು ಆಮ್ಲದ ಬಲ ಇಲ್ಲ. ಆದರೆ ಪ್ರತ್ಯಾಮ್ಲ ಸೇರಿದ ಟ್ಯಾನಿನ್ ಗಾಳಿಯ ಆಮ್ಲಜನಕವನ್ನು ಬೇಗ ಬೇಗ ಹೀರಿ ಕಪ್ಪಗಾಗುತ್ತದೆ. ಕವಳದಲ್ಲಿ ಸುಣ್ಣ ಬಿದ್ದ ಮೇಲೆ ಅಡಿಕೆ ಬಾಯಿ ಕೆಂಪು ಮಾಡುವುದೂ ಇದೇ ದಾರಿ. ಸರಿಯಾಗಿ ನೋಡಬೇಕಾದರೆ ಚೊಗರನ್ನು ಹತ್ತು ಪಾಲು ನೀರಿನಲ್ಲಿ ತೆಳ್ಳಗೆ ಮಾಡಿ ಉದ್ದನೆಯ ಗಾಜಿನ ಲೋಟಕ್ಕೆ ಹಾಕಿ, ಚಿಟಿಕೆ ಸೋಡಾ ಕರಗಿಸಿ, ಅಲ್ಲಾಡಿಸದೇ ಬಿಡಿ. ಮೊದಲು ಇಡೀ ಲೋಟ ಕೆಂಪು ಕಂದಾಗುತ್ತದೆ. ಆಮೇಲೆ ಗಾಳಿ ತಾಗುವ ಮೇಲಿನ ಒಂದು ಬೆರಳು ದಪ್ಪದ ಪದರ ಕೆಳಗಿನದಕ್ಕಿಂತ ಗಾಢವಾಗುತ್ತ ಹೋಗುತ್ತದೆ. ಚಹಾ ಡಿಕಾಕ್ಷನ್‌ನಲ್ಲೂ ಹೀಗೇ: ಸೋಡಾ ಹಾಕಿದರೆ ಗಾಢ, ಲಿಂಬು ಹಿಂಡಿದರೆ ತಿಳಿ.

ಇದಕ್ಕೇ ಹೇಳುವುದು, ಚೊಗರಿನ ಕಲೆಗೂ ಗೇರುಹಣ್ಣಿನ ಕಲೆಗೂ ಸೋಡಾ ಹಚ್ಚಬೇಡಿ ಅಂತ. ಕಲೆ ತೆಗೆಯಲು ಹೋಗಿ ಇನ್ನೂ ಕಪ್ಪು ಮಾಡಿದಂತೆ. ಒಣಗುವ ಮುಂಚೆ ಲಿಂಬು ರಸ ಹಚ್ಚಿ ತೊಳೆಯಬೇಕು.

ಇನ್ನೊಂದು ಸೇರಿಸಿ. ಕಾಲು ಚಮಚ ಅರಿಸಿನವನ್ನು ಎರಡು ದೊಡ್ಡ ಚಮಚ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ, ಬಿಳಿ ಕಾಗದದ ಪಟ್ಟಿ ಅದ್ದಿ ನೆರಳಲ್ಲಿ ಒಣಗಿಸಿ. ತಣ್ಣೀರಿನ ಸೋಡಾ ಹನಿ ಬಿದ್ದರೆ ಪಟ್ಟಿ ಕಿತ್ತಳೆಯ ಕಡೆಗೆ ವಾಲುತ್ತದೆ, ಅಷ್ಟೇ. ಅದೇ ಸೋಡಾ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ ಹನಿ ಹಾಕಿದರೆ ಕುಂಕುಮದ ಕೆಂಪು. ಮೇಲೆ ಹೇಳಿದ ವಾಷಿಂಗ್ ಸೋಡಾ ಹುಟ್ಟಿದ್ದು ಕಣ್ಣಿಗೇ ಕಾಣುತ್ತದೆ. ಕುದಿಸಲು ಸ್ಟೀಲ್ ಪಾತ್ರೆ ಇಡಿ. ಅಲ್ಯೂಮಿನಿಯಂ ಆದರೆ ಒಳಗೆಲ್ಲ ಕಪ್ಪು ಹಿಡಿಯುತ್ತದೆ.

ಬಗ್ಗೋಣದ ಅಡುಗೆಮನೆ (ಕುಮಟಾ)

ಮಜ್ಜಿಗೆಯಲ್ಲಿ ಸೋಡಾ ಉಳಿದುಹೋಗುತ್ತದೆ ಅಂದರಲ್ಲ, ಬನ್ಸ್ ಕೆಡುವುದೂ ಅದರಿಂದಲೇ. ಎರಡು ಕಪ್ ಮೈದಾ, ಒಂದು ದೊಡ್ಡ ಕಳಿತ ಬಾಳೆಹಣ್ಣು, ಕಾಲು ಕಪ್ ಮೊಸರಿಗೆ ಕಾಲು ಟೀ ಚಮಚ ಸೋಡಾ ಅನ್ನುವುದು ವಾಡಿಕೆ. ಕಾಲು ಕಪ್ ಅಂದರೆ 60 ಮಿ.ಲೀ. ಮೊಸರು. ಶೇಕಡಾ 1 ಹುಳಿ ಅಂತ ಹಿಡಿದರೂ ಅದು ಸುಧಾರಿಸುವುದು ಅರ್ಧ ಗ್ರಾಂ ಚಿಲ್ಲರೆ ಸೋಡಾವನ್ನು. ಕಾಲು ಚಮಚದಲ್ಲಿ 1.2 ಗ್ರಾಂ ಇದೆ. ಬಾಳೆಹಣ್ಣಿನ ಹುಳಿ ಇನ್ನು ಸ್ವಲ್ಪ ತೆಗೆದುಕೊಳ್ಳುತ್ತದೆ. ಮಿಕ್ಕದ್ದು ಎಣ್ಣೆಯ ಶಾಖಕ್ಕೆ ಒಡೆದು ವಾಷಿಂಗ್ ಸೋಡಾ ಆಗಿ ಹಿಟ್ಟಿನಲ್ಲೇ ಕೂರುತ್ತದೆ. ಬನ್ಸ್ ಬೇಗ ಕಪ್ಪು ಕೆಂಪಾಗುವುದು, ನಾಲಿಗೆಯ ಮೇಲೆ ಸೋಪಿನ ವಾಸನೆ, ಒಳಗೆ ಹಳದಿ ಚುಕ್ಕಿ, ಎಲ್ಲ ಇದರಿಂದ. ಉಬ್ಬಲಿಲ್ಲ ಅಂತ ಸೋಡಾ ಅರ್ಧ ಚಮಚಕ್ಕೆ ಏರಿಸಿದರೆ ಉಬ್ಬು ಏರುವುದಿಲ್ಲ, ಸೋಪು ಏರುತ್ತದೆ. ಮೊಸರು ಹುಳಿ ಇರಲಿ, ಹಿಟ್ಟು ನಾಲ್ಕು ತಾಸು ನೆನೆಯಲಿ. ಮೊಸರು ಸಿಹಿಯಿದ್ದರೆ ಸೋಡಾ ಎರಡು ಚಿಟಿಕೆಗೆ ಇಳಿಸಿ.

ಚುಕ್ಕಿ ಬೀಳುವುದಕ್ಕೆ ಇನ್ನೊಂದು ಕಾರಣ, ಸೋಡಾವನ್ನು ಒಣ ಹಿಟ್ಟಿಗೆ ಉದುರಿಸಿ ಸರಿಯಾಗಿ ಬೆರೆಸದೇ ಇರುವುದು. ಗಂಟು ಒಡೆದು ಜರಡಿ ಹಿಡಿಯಿರಿ.

ಹಾಲಿನ ಬಗ್ಗೆ ಮಕ್ಕಳು ಕೇಳಬಹುದು. ತಾಜಾ ಹಾಲಿಗೆ ಸೋಡಾ ಹಾಕಿದರೆ ಏನೂ ಕಾಣುವುದಿಲ್ಲ. ಒಡೆಯುವ ಅಂಚಿನಲ್ಲಿರುವ ಹಾಲಿಗೆ ಚಿಟಿಕೆ ಸೋಡಾ ಹಾಕಿ ಕಾಯಿಸಿದರೆ ಒಡೆಯದೇ ನಿಲ್ಲುತ್ತದೆ, ಹುಳಿ ಸತ್ತಿರುತ್ತದೆ. ಆದರೆ ಹಾಲನ್ನು ಕೆಡಿಸಿದ ಬ್ಯಾಕ್ಟೀರಿಯಾ ಮಾಡಿದ್ದು ಮಾಡಿಯೇ ಆಗಿದೆ, ಹಾಲು ಹೊಸದಾಗುವುದಿಲ್ಲ. ಮಾರುವ ಹಾಲಿಗೆ ಹೀಗೆ ಹಾಕುವುದು ಕಾನೂನಿನಲ್ಲಿ ಕಲಬೆರಕೆ.

ಹುಲೇಕಲ್ ರಸ್ತೆ

ಎಲ್ಲರಿಗೂ ಧನ್ಯವಾದ. ಪೊಟ್ಟಣದ ಕ್ರಮವನ್ನೇ ಇಟ್ಟುಕೊಳ್ಳುತ್ತೇನೆ. ಎರಡು ಅನುಮಾನ ಉಳಿದಿವೆ. ಮಕ್ಕಳಿಗೆ ಬಾಟಲಿಗೆ ಮುಚ್ಚಳ ಹಾಕಿ ಹಾರಿಸುವ ಆಸೆ. ಮತ್ತೆ ಕೆಲವರು ಟಾಯ್ಲೆಟ್ ಕ್ಲೀನರ್, ಫಿನಾಯಿಲ್ ಸಹ ಮನೆಯ ದ್ರವವೇ ಅಲ್ಲವೇ, ತರುತ್ತೇವೆ ಅನ್ನುತ್ತಿದ್ದಾರೆ. ಬಿಡಬಹುದಾ?

ಕಾಳಿ ದಂಡೆ

ಎರಡೂ ಬೇಡ ಅಕ್ಕೋರೇ. ಒಂದು ಚಮಚ ಸೋಡಾ ಪೂರ್ತಿ ವರ್ತಿಸಿದರೆ ಒಂದೂವರೆ ಲೀಟರ್ ಅನಿಲ. ಅರ್ಧ ಲೀಟರಿನ ಮುಚ್ಚಿದ ಬಾಟಲಿಯಲ್ಲಿ ಅದಕ್ಕೆ ಜಾಗ ಇಲ್ಲ, ಒತ್ತಡ ಸೆಕೆಂಡುಗಳಲ್ಲಿ ಏರುತ್ತದೆ. ಗಾಜಿನ ಬಾಟಲಿ ಒಡೆದರೆ ಚೂರು ಕಣ್ಣಿಗೇ. ಬಲೂನ್ ಸಾಕು, ಒತ್ತಡ ಹೆಚ್ಚಾದರೆ ಅದೇ ಕಳಚಿಕೊಳ್ಳುತ್ತದೆ.

ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲ. ಸೋಡಾ ಬಿದ್ದರೆ ಸಿಡಿಯುತ್ತದೆ, ಸಿಡಿದ ಹನಿಯಲ್ಲಿ ಇನ್ನೂ ಆಮ್ಲ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಸೋಡಾದ್ದಲ್ಲ, ಬ್ಲೀಚಿಂಗ್ ಪೌಡರ್‌ದು. ಮಳೆಗಾಲದಲ್ಲಿ ಅಂಗಳದ ಹಾವಸೆಗೆ ಅಂತ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಇರುತ್ತದೆ, ಮಕ್ಕಳು ಬಿಳಿ ಪುಡಿ ಅಂತ ಸೋಡಾದ ಬದಲು ಅದನ್ನೇ ಪೊಟ್ಟಣ ಕಟ್ಟಿ ತಂದರೆ? ಅದಕ್ಕೆ ವಿನೆಗರ್ ಬಿದ್ದರೂ, ಲಿಂಬು ಬಿದ್ದರೂ, ಟಾಯ್ಲೆಟ್ ಕ್ಲೀನರ್ ಬಿದ್ದರೂ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಶ್ವಾಸಕ್ಕೆ ಬಹಳ ಅಪಾಯ. ಸೋಡಾವನ್ನು ಒಂದೇ ಪ್ಯಾಕೆಟ್‌ನಿಂದ ನೀವೇ ಹಂಚಿ, ಮಕ್ಕಳು ದ್ರವ ಮಾತ್ರ ತರಲಿ, ಅದೂ ತಿನ್ನುವ ಕುಡಿಯುವ ದ್ರವ ಮಾತ್ರ.

ಮುಗಿದ ಮೇಲೆ ಎಲ್ಲವನ್ನೂ ಸಿಂಕಿಗೆ ಸುರಿದು ನೀರು ಬಿಡಬಹುದು, ತೊಂದರೆಯಿಲ್ಲ. ಅದರಿಂದ ಪೈಪಿನ ಜಿಡ್ಡು ಹೋಗುತ್ತದೆ ಅಂತ ಮಾತ್ರ ಹೇಳಿಕೊಡಬೇಡಿ. ಸೋಡಾ, ವಿನೆಗರ್ ಒಂದನ್ನೊಂದು ತಿಂದು ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು, ಅದಕ್ಕೆ ಕೊಬ್ಬರಿ ಎಣ್ಣೆಯ ಜಿಡ್ಡು ಕರಗುವುದಿಲ್ಲ. ಜಿಡ್ಡಿಗೆ ಎರಡು ಲೀಟರ್ ಬಿಸಿ ನೀರಲ್ಲಿ ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ, ಪಿವಿಸಿ ಪೈಪ್ ಇದ್ದರೆ ಕುದಿಯುವ ನೀರು ಬೇಡ. ಕೆಟಲ್ ತಳದ ಬಿಳಿ ಸುಣ್ಣಕ್ಕೆ ವಿನೆಗರ್ ಒಂದೇ, ಸೋಡಾ ಸೇರಿಸಬೇಡಿ. ಜಂಬಿಟ್ಟಿಗೆ ನೆಲದ ಬಾವಿ ನೀರಿನ ಕೆಂಪು ಕಬ್ಬಿಣದ ಕಲೆಗೂ ಹುಳಿಯೇ ಬೇಕು.

ತೋಟದ ಹಾದಿ

ಒಂದು ಬಿಟ್ಟುಹೋಯಿತು. ಪ್ರಯೋಗ ಮಳೆಗಾಲದಲ್ಲಾದರೆ ಹಿಂದಿನ ವರ್ಷದ ತೆರೆದ ಪ್ಯಾಕೆಟ್ ತರಿಸಬೇಡಿ. ನಮ್ಮ ಕಡೆಯ ಆಷಾಢದ ತೇವಕ್ಕೆ ಸೋಡಾ ಗಂಟು ಕಟ್ಟುತ್ತದೆ, ಗಂಟಾದದ್ದು ಚಮಚದಲ್ಲಿ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಸ್ವಲ್ಪ ಶಕ್ತಿಯೂ ಕಳೆದುಕೊಂಡಿರುತ್ತದೆ. ಪೊಟ್ಟಣದ ಲೆಕ್ಕ ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ತಾಳೆಯಾಗದೇ ಹೋಗುತ್ತದೆ. ಮುಂಚಿನ ದಿನ ಒಂದು ಚಿಟಿಕೆಯ ಮೇಲೆ ಲಿಂಬು ಹನಿ ಬಿಟ್ಟು ನೋಡಿ, ಚುರ್ರೆಂದು ತಕ್ಷಣ ಉಕ್ಕಬೇಕು. ಹೊಸ ಪ್ಯಾಕೆಟ್ ಒಡೆದ ಕೂಡಲೇ ಬಿಗಿ ಮುಚ್ಚಳದ ಒಣ ಭರಣಿಗೆ ಹಾಕಿಡಿ, ಒದ್ದೆ ಚಮಚ ಒಳಗೆ ಇಳಿಸಬೇಡಿ.